ದುರ್ಗದ ಸೀಮೆಯಲ್ಲಿ ಕುಳಿತು ಅಮೆರಿಕದ ಸಾಹಿತ್ಯ ಓದುವುದು



ಪದವಿ ತರಗತಿಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರಿಗೆ ಇಪ್ಪತ್ತನೆಯ ಶತಮಾನದ ಅಮೆರಿಕನ್ ಸಾಹಿತ್ಯ ಎಂಬುದು ಪರಿಚಿತವಾದ ಹೆಸರು; ಆದರೆ ಪರಿಚಿತವಾದ ಲೋಕವಲ್ಲ. ಫ್ರಾಸ್ಟ್, ಎಲಿಯಟ್, ಹೆಮಿಂಗ್ವೆ, ಫಾಕ್ನರ್, ಸ್ಟೈನ್‌ಬೆಕ್, ಓನೀಲ್, ಮಿಲ್ಲರ್ ಎಂದು ಒಂದು ಪಟ್ಟಿ. ಪ್ರತಿ ಹೆಸರಿನ ಮುಂದೆ ಒಂದು ಇಸವಿ, ಒಂದು ಪ್ರಶಸ್ತಿ, ಗೈಡಿನಲ್ಲಿ ಸಿಗುವ ಒಂದೂವರೆ ಪುಟದ ಸಾರಾಂಶ. ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುತ್ತದೆ. ಪರೀಕ್ಷೆ ಮುಗಿದ ಮರುದಿನವೇ ಆ ಹೆಸರುಗಳೂ ಮರೆತುಹೋಗುತ್ತವೆ. ಹೈಸ್ಕೂಲಿನಲ್ಲಿಯೋ ಪಿ.ಯು.ಸಿ.ಯಲ್ಲಿಯೋ ಇರುವ ನಿಮ್ಮ ತಮ್ಮ ತಂಗಿಯರಿಗಂತೂ ಇದು ತಮಗೆ ಸಂಬಂಧಪಡದ ವಿಷಯ ಎನಿಸಬಹುದು.

ಇದರಿಂದ ಆಗುವ ನಷ್ಟ ಅಂಕಗಳ ನಷ್ಟವಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅನೇಕ ವಿದ್ಯಾರ್ಥಿಗಳು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಇಂಗ್ಲಿಷ್ ಪುಸ್ತಕವೆಂದರೆ ಅದು ಬೇರೆಯವರ ಬದುಕು, ಅದಕ್ಕೆ ತಮ್ಮ ಅನುಭವ ಯಾವ ಉಪಯೋಗಕ್ಕೂ ಬಾರದು ಎಂಬ ಅಳುಕು ಅವರಲ್ಲಿ ಬೇರೂರಿರುತ್ತದೆ. ಈ ಅಳುಕು ನಿಜವಲ್ಲ ಎಂಬುದನ್ನು ತೋರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ. ಮಳೆ, ಸಾಲ, ಬದು, ವಲಸೆ, ಜಾತಿ, ಹಳೆಯ ಕೋಟೆಯ ನೆನಪು ಇವುಗಳ ನಡುವೆ ಬೆಳೆದ ವಿದ್ಯಾರ್ಥಿಗೆ ಈ ಲೇಖಕರನ್ನು ಅರಿಯಲು ಬೇಕಾದ ಅರ್ಧದಷ್ಟು ಸಿದ್ಧತೆ ಊರಿನಲ್ಲಿಯೇ ಆಗಿರುತ್ತದೆ. ಉಳಿದರ್ಧವನ್ನು ಮಾತ್ರ ಪುಸ್ತಕದಿಂದ ಪಡೆಯಬೇಕು.

ಮೊದಲು ಕಾದಂಬರಿಯನ್ನು ನೋಡೋಣ. ಹಿರಿಯೂರಿನವರಿಗೆ ವಾಣಿವಿಲಾಸ ಸಾಗರವನ್ನು, ಅಂದರೆ ಮಾರಿಕಣಿವೆಯನ್ನು, ಪರಿಚಯಿಸಬೇಕಾಗಿಲ್ಲ. ವೇದಾವತಿ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಈ ನಡುವೆ ಎರಡು ಮೂರು ತಲೆಮಾರುಗಳು ಹುಟ್ಟಿ, ಕೆರೆ ತುಂಬಿದ್ದನ್ನು ನೋಡದೆಯೇ ಕಣ್ಮುಚ್ಚಿದವು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಮಲೆನಾಡಿನ ತೋಟಗಳಿಗೋ ಹೋದ ಸಂಸಾರಗಳನ್ನು ನೀವು ನೋಡಿದ್ದೀರಿ. ಹಾಗಾದರೆ ಜಾನ್ ಸ್ಟೈನ್‌ಬೆಕ್ ಬರೆದ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಬಾಗಿಲು ನಿಮಗೆ ತೆರೆದೇ ಇದೆ.

ಈ ಕಾದಂಬರಿ ಪ್ರಕಟವಾದದ್ದು 1939ರಲ್ಲಿ. ಅಮೆರಿಕದ ನಡುಭಾಗದ ವಿಶಾಲ ಬಯಲಿನಲ್ಲಿ ಮಣ್ಣನ್ನು ಹಿಡಿದಿಟ್ಟಿದ್ದ ಹುಲ್ಲನ್ನು ಕಿತ್ತು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಬಂದ ಬೆಲೆಯನ್ನು ನಂಬಿ ಎಲ್ಲೆಡೆ ಉಳುಮೆ ಮಾಡಿದ್ದರು. ಬೆಲೆ ಕುಸಿಯಿತು, 1930ರ ದಶಕದಲ್ಲಿ ಮಳೆಯೂ ನಿಂತಿತು. ಹಿಡಿದಿಡುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದು ಹಗಲನ್ನೇ ಕತ್ತಲು ಮಾಡಿತು. ಇದೇ ಕಾಲದಲ್ಲಿ ಓಕ್ಲಹೋಮದ ಗೇಣಿದಾರರನ್ನು ಬ್ಯಾಂಕು ಮತ್ತು ಟ್ರ್ಯಾಕ್ಟರ್ ಒಟ್ಟಾಗಿ ಹೊಲದಿಂದ ಹೊರಹಾಕಿದವು. ಜೋಡ್ ಎಂಬ ಕುಟುಂಬ ಇದ್ದಬದ್ದುದನ್ನು ಮಾರಿ, ಹಳೆಯದೊಂದು ಲಾರಿಯಲ್ಲಿ ಹೆದ್ದಾರಿ 66ರ ಗುಂಟ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತದೆ. ಅಲ್ಲಿ ಕೆಲಸವಿದೆ ಎಂದು ಕರಪತ್ರಗಳು ಹೇಳಿರುತ್ತವೆ. ಬೇಕಾದವರಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ಬರಲೆಂದೇ ಅಷ್ಟೊಂದು ಕರಪತ್ರ ಹಂಚಿದ್ದು, ಜನ ಹೆಚ್ಚಿದಷ್ಟೂ ಕೂಲಿ ಇಳಿಯುತ್ತದೆ ಎಂಬುದು ಅವರಿಗೆ ದಾರಿಯಲ್ಲಿ ತಿಳಿಯುತ್ತದೆ.

ಚಿತ್ರದುರ್ಗ ಹಿರಿಯೂರುಗಳನ್ನು ಹಾದು ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ ಬಸ್ಸಿಗಾಗಿ ಗಂಟುಮೂಟೆಯೊಡನೆ ಕಾದು ನಿಂತವರನ್ನು ಕಂಡವರಿಗೆ ಈ ಕಥೆಯನ್ನು ವಿವರಿಸಬೇಕಾದುದು ಕಡಿಮೆ. ಆದರೆ ಇಲ್ಲಿಯೇ ಒಂದು ಎಚ್ಚರಿಕೆ ಬೇಕು. “ನಮ್ಮ ಹಾಗೆಯೇ ಅವರೂ” ಎಂದು ಹೇಳಿ ನಿಂತುಬಿಟ್ಟರೆ ಓದು ಮುಗಿದಂತಲ್ಲ. ಕಾದಂಬರಿಯ 30 ಅಧ್ಯಾಯಗಳಲ್ಲಿ ಸುಮಾರು ಅರ್ಧದಷ್ಟು ಅಧ್ಯಾಯಗಳಲ್ಲಿ ಜೋಡ್ ಕುಟುಂಬವೇ ಇಲ್ಲ. ಹೊಲ, ಹೆದ್ದಾರಿ, ಹಳೆಯ ಕಾರು ಮಾರುವವರು, ಹೆಸರಿಲ್ಲದ ಸಾವಿರಾರು ಜನ ಅಲ್ಲಿದ್ದಾರೆ. ಒಂದು ಮನೆಯ ಕಥೆ, ಒಂದು ದೇಶದ ಕಥೆ, ಮತ್ತೆ ಆ ಮನೆಯ ಕಥೆ ಎಂದು ಕಾದಂಬರಿ ನೇಯ್ದುಕೊಂಡು ಹೋಗುತ್ತದೆ. ಇದನ್ನು ಸ್ಟೈನ್‌ಬೆಕ್ ಏಕೆ ಮಾಡಿದ? 1936ರಲ್ಲಿ ಆತ ಪತ್ರಿಕೆಯೊಂದಕ್ಕಾಗಿ ವಲಸೆ ಕೂಲಿಗಾರರ ಬಿಡಾರಗಳನ್ನು ಸುತ್ತಿ ಲೇಖನಮಾಲೆ ಬರೆದಿದ್ದ. ಒಂದೇ ಕುಟುಂಬದ ಕಷ್ಟ ಹೇಳಿದರೆ ಓದುಗರು ಅಯ್ಯೋ ಎಂದು ಸುಮ್ಮನಾಗುತ್ತಾರೆ; ಬರೀ ವ್ಯವಸ್ಥೆಯ ಬಗ್ಗೆ ಹೇಳಿದರೆ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಎರಡನ್ನೂ ಹೆಣೆದದ್ದೇ ಕಾದಂಬರಿಯ ಬಲ. ಪರೀಕ್ಷೆಯಲ್ಲಿ ‘ಸಾಮಾಜಿಕ ಪ್ರತಿಭಟನೆಯ ಕಾದಂಬರಿ’ ಎಂಬ ಪ್ರಶ್ನೆ ಬಂದರೆ, ಕಥೆ ಹೇಳುವುದರ ಬದಲು ಈ ಹೆಣಿಗೆಯ ಬಗ್ಗೆ ಬರೆಯಿರಿ.

ಇನ್ನು ಚಿತ್ರದುರ್ಗಕ್ಕೆ ಬರೋಣ. ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ತ.ರಾ.ಸು. ಎಂದರೆ ಮನೆಯವರಿದ್ದಂತೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ ಅವರು ಪಾಳೆಯಗಾರರ ದುರ್ಗವನ್ನು ಕಾದಂಬರಿಯಿಂದ ಕಾದಂಬರಿಗೆ ಕಟ್ಟುತ್ತ ಹೋದರು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ನಮ್ಮೊಡನಿರಲಿಲ್ಲ; 1984ರಲ್ಲಿಯೇ ತೀರಿಕೊಂಡಿದ್ದರು. ಒಬ್ಬ ಲೇಖಕ ಒಂದೇ ನೆಲವನ್ನು ಮತ್ತೆ ಮತ್ತೆ ಅಗೆಯುವುದು, ಒಂದು ಪುಸ್ತಕದ ವ್ಯಕ್ತಿ ಇನ್ನೊಂದರಲ್ಲಿ ಬಂದು ಹೋಗುವುದು, ಒಂದು ವಂಶದ ಏಳುಬೀಳನ್ನು ತಲೆಮಾರುಗಳ ಉದ್ದಕ್ಕೂ ಹೇಳುವುದು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ವಿಲಿಯಂ ಫಾಕ್ನರ್ ಮಾಡಿದ್ದೂ ಇದನ್ನೇ. ಮಿಸಿಸಿಪಿ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಬಾಳಿದ ಆತ, ತನ್ನ ಸೀಮೆಯನ್ನೇ ಮಾದರಿಯಾಗಿಟ್ಟುಕೊಂಡು ಯೋಕ್ನಪಟಾಫ ಎಂಬ ಕಲ್ಪಿತ ಜಿಲ್ಲೆಯನ್ನು ಸೃಷ್ಟಿಸಿದ. 1936ರ ‘ಅಬ್ಸಲಮ್, ಅಬ್ಸಲಮ್!’ ಕಾದಂಬರಿಗೆ ಆ ಜಿಲ್ಲೆಯ ನಕ್ಷೆಯನ್ನೂ ತಾನೇ ಬರೆದು ಸೇರಿಸಿದ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ವ್ಯತ್ಯಾಸ ಇಲ್ಲಿಂದ ಆರಂಭವಾಗುತ್ತದೆ. ತ.ರಾ.ಸು. ಅವರ ದುರ್ಗ ನಕ್ಷೆಯಲ್ಲಿರುವ ಊರು. 1779ರಲ್ಲಿ ಅದು ಹೈದರಾಲಿಯ ವಶವಾದದ್ದು ಇತಿಹಾಸ. ನಂಬಿಕೆಯಿಂದ ಕಥೆ ಹೇಳುವ ಒಬ್ಬ ಹಿರಿಯರ ದನಿ ಅವರ ಕಾದಂಬರಿಗಳಲ್ಲಿದೆ. ನಾವು ಆ ದನಿಯೊಡನೆ ಹೆಮ್ಮೆಪಡುತ್ತೇವೆ, ಅಳುತ್ತೇವೆ. ಫಾಕ್ನರನಿಗೆ ಅಂಥ ನಂಬಿಕೆ ಸಾಧ್ಯವಾಗಲಿಲ್ಲ. ಆತನ ಸೀಮೆಯ ಹಳೆಯ ವೈಭವ ನಿಂತದ್ದು ಕಪ್ಪು ಜನರ ಗುಲಾಮಗಿರಿಯ ಮೇಲೆ. ಆದ್ದರಿಂದ ಆತ ಒಬ್ಬನೇ ನಿರೂಪಕನ ಕೈಗೆ ಕಥೆಯನ್ನು ಕೊಡುವುದಿಲ್ಲ. 1930ರ ‘ಆಸ್ ಐ ಲೇ ಡೈಯಿಂಗ್’ ಕಾದಂಬರಿಯಲ್ಲಿ ತಾಯಿಯ ಶವವನ್ನು ದೂರದ ಊರಿಗೆ ಗಾಡಿಯಲ್ಲಿ ಸಾಗಿಸುವ ಒಂದು ಬಡಸಂಸಾರದ ಕಥೆಯನ್ನು 15 ಜನ, 59 ತುಣುಕುಗಳಲ್ಲಿ ಹೇಳುತ್ತಾರೆ. ಊರಿನಲ್ಲಿ ಒಂದು ಜಗಳ ನಡೆದರೆ ಮರುದಿನ ಅರಳಿಕಟ್ಟೆಯಲ್ಲಿ, ಹೋಟೆಲಿನಲ್ಲಿ, ನಲ್ಲಿಯ ಬಳಿ ಕೇಳುವ ಕಥೆಗಳು ಒಂದೇ ಆಗಿರುತ್ತವೆಯೇ? ಹಾಗೆಂದು ಭಾವಿಸಿಕೊಂಡು ಓದಿ. ಯಾರು ಹೇಳುತ್ತಿದ್ದಾರೆ, ಅವರಿಗೆ ಎಷ್ಟು ಗೊತ್ತು, ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಪ್ರತಿ ತುಣುಕಿಗೂ ಒಂದು ಸಾಲು ಟಿಪ್ಪಣಿ ಮಾಡಿಕೊಂಡರೆ, ಕಠಿಣವೆಂದು ಹೆಸರಾದ ಫಾಕ್ನರ್ ನಿಮಗೆ ದಾರಿ ಬಿಡುತ್ತಾನೆ.

ಕಾವ್ಯದ ವಿಷಯಕ್ಕೆ ಹೊಳಲ್ಕೆರೆಯ ಕಡೆಯ ಹೊಲಗಳಿಗೆ ಹೋಗೋಣ. ಇಬ್ಬರು ರೈತರ ನಡುವಿನ ಬದು ಎಷ್ಟು ಮನೆಗಳ ಮಾತು ಬಿಡಿಸಿದೆ, ಎಷ್ಟು ವ್ಯಾಜ್ಯಗಳನ್ನು ತಾಲ್ಲೂಕು ಕಚೇರಿಗೂ ಕೋರ್ಟಿಗೂ ಹತ್ತಿಸಿದೆ ಎಂಬುದು ಹಳ್ಳಿಯ ಹುಡುಗ ಹುಡುಗಿಯರಿಗೆ ಗೊತ್ತು. ರಾಬರ್ಟ್ ಫ್ರಾಸ್ಟ್‌ನ ‘ಮೆಂಡಿಂಗ್ ವಾಲ್’ ಕವನದ ವಸ್ತು ಇಂಥ ಒಂದು ಬದುವೇ. ಇದು 1914ರ ‘ನಾರ್ತ್ ಆಫ್ ಬಾಸ್ಟನ್’ ಸಂಕಲನದಲ್ಲಿದೆ. ಚಳಿಗಾಲದಲ್ಲಿ ಬಿದ್ದುಹೋದ ಕಲ್ಲುಗೋಡೆಯನ್ನು ಇಬ್ಬರು ನೆರೆಹೊರೆಯವರು ತಮ್ಮ ತಮ್ಮ ಕಡೆಯಲ್ಲಿ ನಡೆಯುತ್ತ ಮತ್ತೆ ಕಟ್ಟುತ್ತಾರೆ. ಒಬ್ಬನಿಗೆ ಗೋಡೆ ಏಕೆ ಬೇಕು ಎಂಬ ಅನುಮಾನ. ದನಗಳೂ ಇಲ್ಲ, ಇರುವುದು ಮರಗಳು ಮಾತ್ರ. ಇನ್ನೊಬ್ಬ ಅಪ್ಪ ಹೇಳಿದ ಗಾದೆಯನ್ನೇ ತಿರುಗಿ ಹೇಳುತ್ತಾನೆ. ಗೈಡುಗಳು ಇಲ್ಲಿಗೆ ನಿಲ್ಲಿಸಿ, ‘ಕವಿ ಗೋಡೆಗಳ ವಿರೋಧಿ’ ಎಂದು ಬರೆದುಬಿಡುತ್ತವೆ. ಆದರೆ ಕವನವನ್ನು ನೀವೇ ಓದಿ ನೋಡಿ: ಪ್ರತಿ ವರ್ಷ ಗೋಡೆ ಕಟ್ಟುವ ಕೆಲಸಕ್ಕೆ ನೆರೆಯವನನ್ನು ಕರೆಯುವವನು ಯಾರು? ಗೋಡೆ ಬೇಡವೆನ್ನುವವನೇ! ಆ ಇಬ್ಬರೂ ವರ್ಷಕ್ಕೊಮ್ಮೆ ಜೊತೆಯಾಗಿ ನಡೆಯುವುದು ಆ ಗೋಡೆಯ ನೆಪದಿಂದಲೇ. ಬದು ಬೇರ್ಪಡಿಸುತ್ತದೆಯೋ, ಕೂಡಿಸುತ್ತದೆಯೋ? ಇದಕ್ಕೆ ಉತ್ತರ ಹೇಳುವಾಗ ನಿಮ್ಮ ಊರಿನ ಅನುಭವ ನಿಮಗೆ ಖಂಡಿತ ನೆರವಾಗುತ್ತದೆ.

ಅದೇ ಸಂಕಲನದ ‘ದಿ ಡೆತ್ ಆಫ್ ದಿ ಹೈರ್ಡ್ ಮ್ಯಾನ್’ ಕವನದಲ್ಲಿ ಸೈಲಸ್ ಎಂಬ ಮುದಿ ಕೂಲಿಯಾಳು ಸಾಯುವ ಹೊತ್ತಿಗೆ ತನ್ನ ಹಳೆಯ ಯಜಮಾನನ ಮನೆಗೆ ಹಿಂದಿರುಗುತ್ತಾನೆ. ಅನುಕೂಲಸ್ಥನಾದ ತಮ್ಮದೇ ರಕ್ತದ ಅಣ್ಣನೊಬ್ಬ ಅಷ್ಟೇನೂ ದೂರದಲ್ಲಿಲ್ಲ. ಆದರೂ ಇಲ್ಲಿಗೇ ಬಂದಿದ್ದಾನೆ. ಬೇಕಾದ ಹೊತ್ತಿನಲ್ಲಿ ಕೈಬಿಟ್ಟು ಹೋದವನೆಂದು ಗಂಡನಿಗೆ ಸಿಟ್ಟು, ಹೆಂಡತಿಗೆ ಕನಿಕರ. ಇಡೀ ಕವನ ಗಂಡಹೆಂಡಿರು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಆಡುವ ಮಾತು. ಮನೆ ಎಂದರೆ ಯಾವುದು, ಅಲ್ಲಿ ಯಾರಿಗೆ ಹಕ್ಕು ಎಂಬ ದೊಡ್ಡ ಪ್ರಶ್ನೆ ಆ ಸಣ್ಣ ಮಾತುಗಳ ನಡುವೆ ಏಳುತ್ತದೆ. ಸಂಬಳದಾಳು ಇಟ್ಟುಕೊಂಡ ಮನೆಯವರಾಗಲಿ, ಸಂಬಳಕ್ಕಿದ್ದ ಮನೆಯವರಾಗಲಿ, ಇದನ್ನು ಓದಿ ತಣ್ಣಗೆ ಕೂರಲಾರರು.

ಟಿ.ಎಸ್. ಎಲಿಯಟ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1888ರಲ್ಲಿ ಹುಟ್ಟಿ, 1927ರಲ್ಲಿ ಬ್ರಿಟಿಷ್ ಪ್ರಜೆಯಾದವನು. ಆತನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಪ್ರಕಟವಾಯಿತು. ಒಣಗಿದ ನೆಲ, ಮಳೆಗಾಗಿ ಹಂಬಲ, ಗುಡುಗಿದರೂ ಸುರಿಯದ ಮೋಡ ಇವೇ ಅದರ ಕೊನೆಯ ಭಾಗದ ಚಿತ್ರಗಳು. ಆ ಗುಡುಗಿನ ಮಾತನ್ನು ಎಲಿಯಟ್ ತೆಗೆದುಕೊಂಡದ್ದು ನಮ್ಮ ಬೃಹದಾರಣ್ಯಕ ಉಪನಿಷತ್ತಿನಿಂದ: ಕೊಡು, ಮರುಗು, ನಿಗ್ರಹಿಸು ಎಂಬ ದಕಾರದ ಮೂರು ಉಪದೇಶಗಳು. ಈ ಕವನ ಕನ್ನಡದ ನವ್ಯಕಾವ್ಯದ ಮೇಲೂ ನೆರಳು ಚಾಚಿದೆ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಇಂಗ್ಲಿಷ್ ತರಗತಿಯೂ ಕನ್ನಡ ತರಗತಿಯೂ ಬೇರೆಬೇರೆಯಲ್ಲವೆಂಬುದು ಮನದಟ್ಟಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಿಳಿಯ ಲೇಖಕರ ಮಾತಾಯಿತು. ಅಷ್ಟಕ್ಕೇ ನಿಲ್ಲಿಸಿದರೆ ಅಮೆರಿಕವನ್ನು ಅರ್ಧ ಮಾತ್ರ ನೋಡಿದಂತೆ. ಲ್ಯಾಂಗ್‌ಸ್ಟನ್ ಹ್ಯೂಸ್ 1926ರಲ್ಲಿ ‘ದಿ ವೇರಿ ಬ್ಲೂಸ್’ ಸಂಕಲನ ಹೊರತಂದಾಗ, ಕಪ್ಪು ಜನರ ಹಾಡಿನ ಲಯವೇ ಅಚ್ಚಿನ ಕಾವ್ಯದ ಲಯವಾಯಿತು. ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಸಂಘಟನೆ ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ಹೆಸರು ಪಡೆಯಿತು. ಕರ್ನಾಟಕದ ದಲಿತ ಚಳವಳಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹರಿಹರದವರು, 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹರಿಹರ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಸಿದ್ಧಲಿಂಗಯ್ಯನವರ 1975ರ ‘ಹೊಲೆಮಾದಿಗರ ಹಾಡು’ ಸಂಕಲನದ ಪಕ್ಕದಲ್ಲಿ ಹ್ಯೂಸ್‌ನನ್ನಿಟ್ಟು, ಹಾಡು ಹೇಗೆ ಹೋರಾಟವಾಗುತ್ತದೆ ಎಂದು ನೋಡಿ. ವರ್ಣಭೇದವೂ ಜಾತಿಯೂ ಒಂದೇ ಅಲ್ಲ. ಅವುಗಳ ಹುಟ್ಟು, ಕಟ್ಟುಪಾಡು ಬೇರೆ. ಆದರೆ ಅವಮಾನಕ್ಕೆ ಎದುರಾಗಿ ಮನುಷ್ಯ ತನ್ನ ದನಿಯನ್ನು ಕಂಡುಕೊಳ್ಳುವ ಬಗೆಯಲ್ಲಿ ಕಲಿಯುವುದು ಬಹಳವಿದೆ. ಟೋನಿ ಮಾರಿಸನ್ ಅವರ 1987ರ ‘ಬಿಲವೆಡ್’ ಕಾದಂಬರಿಯನ್ನು ಮುಂದೊಂದು ದಿನ ತಪ್ಪದೆ ಓದಿ. 1993ರಲ್ಲಿ ನೊಬೆಲ್ ಪಡೆದ ಅವರು ಸಾಹಿತ್ಯಕ್ಕಾಗಿ ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ.

ಇನ್ನು ನಾಟಕ. ಹೊಸದುರ್ಗ ತಾಲ್ಲೂಕಿನವರು ಈ ವಿಷಯದಲ್ಲಿ ಭಾಗ್ಯವಂತರು. ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದೆ, ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತದೆ. 1997ರಲ್ಲಿ ಆರಂಭವಾದ ಶಿವಸಂಚಾರ ತಂಡ ಊರೂರಿಗೆ ನಾಟಕ ಹೊತ್ತು ತಿರುಗುತ್ತದೆ. ನಾಟಕವೆಂದರೆ ಅಚ್ಚಿನ ಪುಟವಲ್ಲ, ಕಣ್ಣೆದುರಿನ ಜನ ಎಂಬುದು ಅಲ್ಲಿ ಕುಳಿತು ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಥಾರ್ನ್‌ಟನ್ ವೈಲ್ಡರ್ 1938ರಲ್ಲಿ ‘ಅವರ್ ಟೌನ್’ ನಾಟಕವನ್ನು ಪರದೆ, ಸಜ್ಜಿಕೆಗಳಿಲ್ಲದ ಬರಿಯ ರಂಗದ ಮೇಲೆ ತಂದಾಗ, ನಡುವೆ ನಿಂತು ಪ್ರೇಕ್ಷಕರೊಡನೆ ನೇರವಾಗಿ ಮಾತಾಡುವ ರಂಗನಿರ್ವಾಹಕನನ್ನು ಕಂಡು ಅಲ್ಲಿಯವರಿಗೆ ಅಚ್ಚರಿಯಾಯಿತು. ಬಯಲಾಟದ ಭಾಗವತರನ್ನೂ ಸೂತ್ರಧಾರನನ್ನೂ ಬಲ್ಲ ನಮಗೆ ಅದರಲ್ಲಿ ಅಚ್ಚರಿಯಿಲ್ಲ, ಆಪ್ತತೆಯಿದೆ.

ನಾಟಕದಲ್ಲಿ ಮೊದಲು ಓದಬೇಕಾದುದು ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’, 1949. ವಿಲ್ಲಿ ಲೋಮನ್ ಊರೂರು ತಿರುಗಿ ಸರಕು ಮಾರುವ ಅರವತ್ತು ದಾಟಿದ ಮನುಷ್ಯ. ಮನೆಯ ಸಾಲದ ಕಂತು, ಕೆಟ್ಟುಹೋಗುವ ಫ್ರಿಜ್ಜಿನ ಕಂತು, ವಿಮೆಯ ಕಂತು ಇವುಗಳ ನಡುವೆ ಅವನಿಗೊಂದು ಕನಸು: ಜನರಿಗೆ ಇಷ್ಟವಾದರೆ ಸಾಕು, ಗೆದ್ದಂತೆ. ಆ ಕನಸನ್ನು ಮಗ ಬಿಫ್‌ನ ಹೆಗಲ ಮೇಲೆ ಹೊರಿಸುತ್ತಾನೆ. ಮಗನಿಗೆ ಬೇಕಾದದ್ದು ಬಯಲಿನಲ್ಲಿ ಕೈಯಿಂದ ಮಾಡುವ ಕೆಲಸ; ತಂದೆಗೆ ಬೇಕಾದದ್ದು ದೊಡ್ಡ ಹೆಸರು. ವಿಜ್ಞಾನ ತೆಗೆದುಕೊಳ್ಳಲೇಬೇಕು, ಸೀಟು ಸಿಗಲೇಬೇಕು ಎಂಬ ಮಾತು ಕೇಳುತ್ತ ಬೆಳೆದ ವಿದ್ಯಾರ್ಥಿಗೆ ಈ ತಂದೆಮಕ್ಕಳ ಜಗಳ ಅಪರಿಚಿತವೇ? ಆದರೆ ಮಿಲ್ಲರ್ ತಂದೆಯನ್ನು ಖಳನನ್ನಾಗಿ ಮಾಡಲಿಲ್ಲ ಎಂಬುದನ್ನು ಗಮನಿಸಿ. ಆತ ಮಗನನ್ನು ಪ್ರೀತಿಸುತ್ತಾನೆ. ಪ್ರೀತಿಗೆ ತಪ್ಪು ಲೆಕ್ಕ ಸಿಕ್ಕಿದೆ, ಅಷ್ಟೆ. ಮನೆಸಾಲದ ಕೊನೆಯ ಕಂತು ತೀರುವುದು ಅವನ ಶವಸಂಸ್ಕಾರದ ದಿನ. ಅರಸನಲ್ಲದ, ವೀರನಲ್ಲದ ಒಬ್ಬ ಸಾಮಾನ್ಯನ ಬದುಕೂ ದುರಂತ ನಾಟಕವಾಗಬಲ್ಲದೇ ಎಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರ ಅಲ್ಲಿಂದ ಹೊರಡಬೇಕು.

ಇದರ ಜೊತೆಗೆ ಲೊರೇನ್ ಹ್ಯಾನ್ಸ್‌ಬೆರಿ ಅವರ 1959ರ ‘ಎ ರೈಸಿನ್ ಇನ್ ದಿ ಸನ್’ ಓದಿ. ಅದರ ಹೆಸರು ಬಂದದ್ದು ಹ್ಯೂಸ್‌ನ ಒಂದು ಕವನದಿಂದ. ಕಪ್ಪು ಕುಟುಂಬವೊಂದು ವಿಮೆಯ ಹಣದಿಂದ ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟಾಗ, ಆ ಬಡಾವಣೆಯವರು ಬಹು ವಿನಯದಿಂದ ಬಂದು, ಹಣ ಕೊಡುತ್ತೇವೆ, ಬರಬೇಡಿ ಎನ್ನುತ್ತಾರೆ. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ಕೇಳಿಸಿಕೊಂಡವರಿಗೆ ಆ ವಿನಯದ ಅರ್ಥ ತಿಳಿಯುತ್ತದೆ. ಇವರಿಗಿಂತ ಹಿಂದೆ ಅಮೆರಿಕದ ರಂಗಭೂಮಿಗೆ ಗಾಂಭೀರ್ಯ ತಂದವನು ಯೂಜೀನ್ ಓನೀಲ್. 1936ರಲ್ಲಿ ನೊಬೆಲ್ ಪಡೆದ ಆತನ ‘ಡಿಸೈರ್ ಅಂಡರ್ ದಿ ಎಲ್ಮ್ಸ್’ ಒಂದು ಕಲ್ಲುನೆಲದ ಹೊಲಕ್ಕಾಗಿ ತಂದೆಮಕ್ಕಳು ಹೊಡೆದಾಡುವ ಕಥೆ.

ಕೊನೆಯದಾಗಿ ಓದುವ ಕ್ರಮದ ಬಗ್ಗೆ ಕೆಲವು ಮಾತು. ಪಠ್ಯಪಟ್ಟಿಯ ಕ್ರಮದಲ್ಲಿಯೇ ಓದಬೇಕೆಂಬ ನಿಯಮವಿಲ್ಲ. ಸುಲಭದಿಂದ ಕಠಿಣಕ್ಕೆ ಹೋಗಿ. ಮೊದಲು ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’, 1952. ಎಂಬತ್ತನಾಲ್ಕು ದಿನ ಮೀನು ಸಿಗದ ಮುದುಕನ ಕಥೆ. ಪುಟ ಕಡಿಮೆ, ವಾಕ್ಯ ಚಿಕ್ಕದು, ಪದ ಸರಳ. ಇಂಗ್ಲಿಷ್ ಕಾದಂಬರಿಯೊಂದನ್ನು ಪೂರ್ತಿ ಓದಿ ಮುಗಿಸಿದೆ ಎಂಬ ಧೈರ್ಯ ಇದರಿಂದ ಬರುತ್ತದೆ. ಅನಂತರ ಫ್ರಾಸ್ಟ್; ಆಮೇಲೆ ಮಿಲ್ಲರ್, ಇಬ್ಬರು ಮೂವರು ಗೆಳೆಯರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಆಮೇಲೆ ಸ್ಟೈನ್‌ಬೆಕ್, ಫಾಕ್ನರ್ ಮತ್ತು ಎಲಿಯಟ್ ಕೊನೆಗೆ. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಪುಟಕ್ಕೆ ನಾಲ್ಕೈದು ಪದ ಸಾಕು. ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ಕನ್ನಡದಲ್ಲಿ ಬರೆಯಲಾಗದಿದ್ದರೆ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ಬರೆಯಲಾದರೆ ಇಂಗ್ಲಿಷಿಗೆ ತರುವುದು ಅಭ್ಯಾಸದ ಮಾತು. ಗೈಡನ್ನು ನೋಡಲೇಬೇಕೆನಿಸಿದರೆ ಇದಾದ ಮೇಲೆ ನೋಡಿ. ಎಲ್ಲಿ ಅದು ತಪ್ಪಿದೆ ಎಂದು ಆಗ ನಿಮಗೇ ಕಾಣುತ್ತದೆ.

ಪುಸ್ತಕ ಸಿಗುವುದಿಲ್ಲ ಎಂಬ ಮಾತಿಗೂ ಈಗ ಮೊದಲಿನ ಬಲವಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾನೂನಿನ ಅವಧಿ ಲೇಖಕ ತೀರಿಕೊಂಡ ಮೇಲೆ 60 ವರ್ಷ. ಹೆಮಿಂಗ್ವೆ 1961ರಲ್ಲಿ, ಫಾಕ್ನರ್ 1962ರಲ್ಲಿ, ಫ್ರಾಸ್ಟ್ 1963ರಲ್ಲಿ ತೀರಿಕೊಂಡವರು. ಆ ಅವಧಿ ಮುಗಿದಿದೆ. ಇವರ ಪುಸ್ತಕಗಳ ಅಗ್ಗದ ಮುದ್ರಣಗಳು ಸಿಗುತ್ತವೆ. ಫ್ರಾಸ್ಟ್‌ನ ಆರಂಭದ ಸಂಕಲನಗಳು, ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಅಂತರ್ಜಾಲದಲ್ಲಿ ಉಚಿತವಾಗಿವೆ. ಕಾಲೇಜಿನ ಗ್ರಂಥಾಲಯದಲ್ಲಿ ಬೇಡಿಕೆ ಪುಸ್ತಕವಿದ್ದರೆ ನಾಲ್ಕು ಜನ ಸೇರಿ ಒಂದು ಹೆಸರು ಬರೆಯಿರಿ. ಕೇಳುವವರಿಲ್ಲದ ಪುಸ್ತಕವನ್ನು ಯಾರೂ ತರಿಸುವುದಿಲ್ಲ.

ವಿದ್ಯಾರ್ಥಿಗಳೇ, ಫಾಕ್ನರ್ ಬರೆದದ್ದು ತನ್ನ ಸಣ್ಣ ಊರಿನಲ್ಲಿ ಕುಳಿತು, ಸ್ಟೈನ್‌ಬೆಕ್ ಬರೆದದ್ದು ತಾನು ನಡೆದು ನೋಡಿದ ಬಿಡಾರಗಳ ಬಗ್ಗೆ, ಫ್ರಾಸ್ಟ್ ಬರೆದದ್ದು ತಾನು ಬೇಸಾಯ ಮಾಡಿದ ಸೀಮೆಯ ಬಗ್ಗೆ. ತಮ್ಮ ನೆಲ ಸಾಹಿತ್ಯಕ್ಕೆ ಸಾಲದು ಎಂದು ಅವರು ಭಾವಿಸಿದ್ದರೆ ಇಂದು ನಮಗೆ ಓದಲು ಪುಸ್ತಕಗಳೇ ಇರುತ್ತಿರಲಿಲ್ಲ. ಈ ವಾರ ‘ಮೆಂಡಿಂಗ್ ವಾಲ್’ ಕವನವನ್ನು ಎರಡು ಬಾರಿ ಓದಿ; ಅನಂತರ ನಿಮ್ಮ ಮನೆಯ ಹಿರಿಯರೊಬ್ಬರಿಗೆ ಅದರ ಕಥೆಯನ್ನು ಕನ್ನಡದಲ್ಲಿ ಹೇಳಿ, ಆ ಇಬ್ಬರು ರೈತರಲ್ಲಿ ಯಾರು ಸರಿ ಎಂದು ಕೇಳಿ. ಅವರು ಹೇಳಿದ ಉತ್ತರವನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಯಾವ ಗೈಡಿನಲ್ಲಿಯೂ ಅದು ಸಿಗುವುದಿಲ್ಲ.